ಏಳನೇ ಕ್ರಾಸಿಗೆ ಬಂದ ದೋಣಿ

ಮಾರೇನಹಳ್ಳಿಯ ಏಳನೇ ಕ್ರಾಸು ಮುಳುಗುತ್ತದೆ ಎಂದು ನಾನು ಯಾರಿಗೂ ಹೇಳಿಲ್ಲ. ಹೇಳಿದ್ದೇನೆ ಎಂದು ಯಾರಾದರೂ ಬಂದು ಮನೆದೇವರ ಮೇಲೆ ಆಣೆ ಇಟ್ಟರೂ ನಂಬಬೇಡಿ. ನಾನು ಹೇಳಿದ್ದು ಒಂದೇ ಒಂದು ಮಾತು. ಅದನ್ನು ಹೇಳಿದ್ದು ನಮ್ಮ ಬೀಗಿತ್ತಿಗೆ, ಫೋನಿನಲ್ಲಿ.

“ದೋಣಿ ತಾನೇ? ನಮ್ಮನೆ ಬಾಗಿಲಿಗೇ ಹೊಸಾ ದೋಣಿ ತರಿಸ್ತೀನಿ ಬಿಡಿ!”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಮುತ್ತು ನನ್ನ ಹತ್ತಿರ ಯಾವ ಕಾಲಕ್ಕೂ ಇರಲಿಲ್ಲ. ಮಾತು ಮಾತ್ರ ಇತ್ತು. ಅದೂ ಹೋಯಿತು.

ನಡೆದದ್ದು ಇಷ್ಟು. ನಮ್ಮ ಒಬ್ಬಳೇ ಮಗಳು ಮಾನಸ ಏಳು ತಿಂಗಳ ಬಸುರಿ. ಗಂಡನ ಮನೆ ಬಸವೇಶ್ವರನಗರದಲ್ಲಿ. ನಮ್ಮ ಮನೆಯಿಂದ ಆಟೋದಲ್ಲಿ ಇಪ್ಪತ್ತು ನಿಮಿಷ, ಅಂತಸ್ತಿನಲ್ಲಿ ಇನ್ನೂರು ಮೈಲಿ. ಅವಳ ಮಾವ ಶಂಭುಲಿಂಗಪ್ಪನವರು, ಅತ್ತೆ ಜಗದಾಂಬಾ, ದಾವಣಗೆರೆ ಕಡೆಯ ದೊಡ್ಡ ಮನೆತನದವರು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು ಎಂಬುದು ಲೋಕರೂಢಿ. ಆದರೆ ಜಗದಾಂಬಾ ಅವರಿಗೆ ನಮ್ಮ ಮನೆಯ ಮೇಲೆ ನಂಬಿಕೆ ಸಾಲದು. ನಲ್ಲಿಯಲ್ಲಿ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ, ಬೋರ್‌ವೆಲ್ ನೀರು ಕೆಂಪಗಿದೆ, ಬಚ್ಚಲು ಇಕ್ಕಟ್ಟು. ಬಾಣಂತನದ ಮಾತು ಎತ್ತಿದಾಗಲೆಲ್ಲ ಅವರು “ನೋಡೋಣ” ಅನ್ನುತ್ತಿದ್ದರು. ಇತ್ತ ನನ್ನ ಹೆಂಡತಿ ಲಕ್ಷ್ಮಿದೇವಮ್ಮ ನಾಲ್ಕನೇ ತಿಂಗಳಿಂದಲೇ ಹಳೆಯ ಹತ್ತಿ ಸೀರೆಗಳನ್ನು ಹರಿದು, ಒಗೆದು, ಮಡಿಸಿ ಟ್ರಂಕಿನಲ್ಲಿಟ್ಟಿದ್ದಳು. ಮಗಳು ಬಾಣಂತನಕ್ಕೆ ಬರದೇ ಹೋದರೆ ಅವಳು ಆ ಟ್ರಂಕನ್ನು ನನ್ನ ತಲೆಯ ಮೇಲೆ ಹೊರಿಸುವುದು ಖಂಡಿತವಾಗಿತ್ತು.

ಹೀಗಿರುವಾಗ ಮಾನಸಳಿಗೆ ಬಯಕೆ ಶುರುವಾಯಿತು. ಮೊದಲು ಧಾರವಾಡ ಪೇಡ. ಬೆಳಗಾಗುವುದರೊಳಗೆ ಬೀಗರು ತರಿಸಿ ತಿನ್ನಿಸಿದರು. ಆಮೇಲೆ ತೂಗುಮಂಚ. ಅದನ್ನೂ ಹಾಕಿಸಿದರು. ಮೂರನೆಯದಕ್ಕೆ ಮಾತ್ರ ಅವರೂ ಕೈಚೆಲ್ಲಿದರು. ದೋಣಿಯಲ್ಲಿ ಕಾಲು ಚಾಚಿ ಕೂತು, ಅಮ್ಮನ ಕೈಯ ಬಿಸಿಬೇಳೆಬಾತ್ ತಿನ್ನಬೇಕಂತೆ! ಕೆರೆಗೆ ಕರೆದುಕೊಂಡು ಹೋಗೋಣವೆಂದರೆ ಡಾಕ್ಟರು ದೋಣಿ ಹತ್ತಿ ನೀರಿಗಿಳಿಯುವುದು ಬೇಡವೇ ಬೇಡ ಎಂದರು. ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂದು ಲಕ್ಷ್ಮಿದೇವಮ್ಮ ಕಣ್ಣಲ್ಲಿ ನೀರು ತಂದುಕೊಂಡಳು. “ದೋಣಿ ಅಂದ್ರ ನಮ್ಮ ಕೈಲೂ ಆಗಂಗಿಲ್ಲ ಬಿಡ್ರಿ ಬೀಗರ” ಎಂದು ಜಗದಾಂಬಾ ನಿಟ್ಟುಸಿರಿಟ್ಟರು. ಬೀಗರ ಕೈಲಿ ಆಗದ್ದು ಒಂದಿದೆ ಎಂದು ಕೇಳಿದ ಕೂಡಲೇ ನನಗೆ ಎಲ್ಲಿಲ್ಲದ ಹುರುಪು ಬಂತು. ಆಗ ಆಡಿದ್ದು ಆ ಮಾತು. ಮುಂದಿನ ಭಾನುವಾರ ಎಲ್ಲರೂ ಊಟಕ್ಕೆ ಬನ್ನಿ ಎಂದೂ ಸೇರಿಸಿದೆ.

ಹೊಸ ದೋಣಿ ಎಲ್ಲಿ ಸಿಗುತ್ತದೆ ಎಂದು ಬೆಂಗಳೂರಿನಲ್ಲಿ ಯಾರನ್ನಾದರೂ ಕೇಳಿ ನೋಡಿ. ನಿಮ್ಮ ಆರೋಗ್ಯ ವಿಚಾರಿಸುತ್ತಾರೆ. ಕೊನೆಗೆ ನಾಯಂಡಹಳ್ಳಿಯ ಒಂದು ಗುಜರಿ ಗೋಡೌನಿನಲ್ಲಿ, ಮುಚ್ಚಿಹೋದ ಯಾವುದೋ ರೆಸಾರ್ಟಿನ ಫೈಬರ್ ದೋಣಿ ಸಿಕ್ಕಿತು. ಹತ್ತಡಿ ಉದ್ದ, ಹೊರಗೆ ನೀಲಿ, ಮೇಲೆ ಬಿಳಿ. ಮೂತಿಯಿಂದ ನಡುವಿನವರೆಗೆ ಕಾಲು ಚಾಚಿ ಕೂರುವಂಥ ಸಮತಟ್ಟಾದ ಹಾಸು. ಅದಕ್ಕೆ ಡೆಕ್ ಅನ್ನುತ್ತಾರೆಂದು ಗುಜರಿಯವನು ಗೌರವದಿಂದ ತಿಳಿಸಿದ. ಆ ಡೆಕ್ಕಿನ ಮೇಲೆ ಅವನೇ ಎರಡು ಮಳೆಗಾಲ ಕಬ್ಬಿಣದ ಸಲಾಕೆಗಳನ್ನು ಪೇರಿಸಿಟ್ಟಿದ್ದ. ಬಿಳಿಯ ಮೇಲೆ ಉದ್ದಕ್ಕೂ ಅಡ್ಡಕ್ಕೂ ಕೆಂಪು ಪಟ್ಟೆಗಳು. ಯಾರೋ ಕಾಫಿ ಡಿಕಾಕ್ಷನ್ ಚೆಲ್ಲಿ ಒರೆಸದೇ ಬಿಟ್ಟ ಹಾಗಿತ್ತು.

“ಇದೇನಪ್ಪ ತುಕ್ಕು?” ಎಂದೆ.

“ಫೈಬರ್ ತುಕ್ಕು ಹಿಡಿಯಲ್ಲ ಸಾರ್. ಬರೀ ಕಲೆ. ನೀರು ಹಾಕಿ ತಿಕ್ಕಿದ್ರೆ ಹೋಗ್ತದೆ” ಎಂದ. ಈ ಲೋಕದಲ್ಲಿ ನೀರು ಹಾಕಿ ತಿಕ್ಕಿದರೆ ಹೋಗುವುದು ಏನೇನು, ಹೋಗದಿರುವುದು ಏನೇನು ಎಂಬ ಜ್ಞಾನ ನನಗೆ ಆಗ ಇರಲಿಲ್ಲ.

ಸೋಮವಾರ ಬೆಳಿಗ್ಗೆ ದೋಣಿ ಗೂಡ್ಸ್ ಆಟೋದಲ್ಲಿ ಬಂದು ನಮ್ಮ ಗೇಟಿನ ಮುಂದೆ ಇಳಿಯಿತು. ನಾಲ್ಕು ಸಿಮೆಂಟ್ ಇಟ್ಟಿಗೆಗಳ ಮೇಲೆ ಕೂರಿಸಿದೆವು. ಇಟ್ಟಿಗೆ ಸರಿಪಡಿಸಿ ತಲೆ ಎತ್ತುವುದರೊಳಗೆ ಎದುರು ಮನೆಯ ಕೆಂಚಪ್ಪನವರು ನಿಂತಿದ್ದರು. ಈ ಬೀದಿ ಹೊಲವಾಗಿದ್ದಾಗ ಇಲ್ಲಿ ರಾಗಿ ಬೆಳೆದವರು ಅವರು. ಈಗ ಬಾಡಿಗೆ ಮನೆ ಬೆಳೆಯುತ್ತಾರೆ.

“ಏನ್ ಕಾಂತರಾಜು ಇದು?”

“ದೋಣಿ.”

“ಅದು ಕಾಣ್ತೈತೆ. ಯಾಕೆ ಅಂತ.”

“ಮಗಳಿಗೆ ಬಯಕೆ ಕಣ್ರಿ. ದೋಣೀಲಿ ಕೂತ್ಕೊಂಡು ಬಿಸಿಬೇಳೆಬಾತ್ ತಿನ್ನಬೇಕಂತೆ.”

ಕೆಂಚಪ್ಪನವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ನಮ್ಮನೆಯೋಳಿಗೂ ಬಯಕೆ ಆಗಿತ್ತು. ಹುಣಸೇಕಾಯಿ ತಿಂದ್ಲು. ಒಲೆ ಬೂದಿ ತಿಂದ್ಲು. ಗೋಡೆ ಸುಣ್ಣ ಕೆರ್ಕೊಂಡು ತಿಂದ್ಲು. ದೋಣಿ ಕೇಳ್ಲಿಲ್ಲಪ್ಪ.”

“ಈಗಿನ ಕಾಲದ ಮಕ್ಕಳು...”

“ನೋಡು ಕಾಂತರಾಜು” ಎಂದು ಅವರು ಹತ್ತಿರ ಬಂದು ದನಿ ತಗ್ಗಿಸಿದರು. “ನೀನು ಮೂವತ್ತೊಂದು ವರ್ಷ ಮಳೆನೀರು ಕಾಲುವೆ ಆಫೀಸ್ನಲ್ಲಿದ್ದೋನು. ಮಳೆಗಾಲಕ್ಕೆ ಇನ್ನು ಹದಿನೈದು ದಿನ. ನೀನು ಮನೆಗೆ ದೋಣಿ ತಂದಿದೀಯ. ಸರಿ. ನಾನೇನೂ ಕೇಳಲ್ಲ, ನೀನೇನೂ ಹೇಳ್ಬೇಡ. ಸರ್ಕಾರದ ಗುಟ್ಟು ಅಂದ್ರೆ ಗುಟ್ಟು.”

ನಾನು ಆ ಆಫೀಸಿನಲ್ಲಿದ್ದದ್ದು ನಿಜ. ಟಪಾಲು ವಿಭಾಗದಲ್ಲಿ. ಬಂದ ಕಾಗದಕ್ಕೆ ನಂಬರು ಹಾಕುವುದು, ಹೋಗುವ ಕಾಗದಕ್ಕೆ ಅಂಟು ಹಚ್ಚುವುದು ನನ್ನ ಕೆಲಸ. ಕಾಲುವೆಯನ್ನು ಕಣ್ಣಾರೆ ಕಂಡದ್ದು ಒಮ್ಮೆ, ಬಸ್ಸಿನ ಕಿಟಕಿಯಿಂದ, ಅದೂ ಮೂಗು ಮುಚ್ಚಿಕೊಂಡು. ಇದನ್ನೆಲ್ಲ ಕೆಂಚಪ್ಪನವರಿಗೆ ವಿವರಿಸಿದೆ. ಅವರು ಕಣ್ಣು ಮಿಟುಕಿಸಿ, “ಗೊತ್ತಾಯ್ತು, ಗೊತ್ತಾಯ್ತು” ಎಂದು ಹೊರಟುಹೋದರು. ನಿಜ ಹೇಳಿದವನಿಗೆ ಕಣ್ಣು ಮಿಟುಕಿಸುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಆ ದಿನ ಮಧ್ಯಾಹ್ನವೇ ಕೆಲಸ ಶುರು ಮಾಡಿದೆ. ಗ್ರಿಲ್ಲಿಗೆ ಬಣ್ಣ ಹೊಡೆಯುವವರು ತುಕ್ಕು ಕೆರೆಯಲು ಬಳಸುವ ಕಬ್ಬಿಣದ ವೈರ್ ಬ್ರಷ್ ತಂದೆ. ತುಕ್ಕಿಗೆ ಅದೇ ಮದ್ದು ಎಂದು ನನಗೆ ಖಾತ್ರಿ ಇತ್ತು. ಬೋರ್‌ವೆಲ್ ನೀರಿನ ಪೈಪು ಹಿಡಿದು, ಪಂಚೆ ಎತ್ತಿ ಕಟ್ಟಿ, ಡೆಕ್ಕಿನ ಮೇಲೆ ಮಂಡಿಯೂರಿ ಸಂಜೆಯವರೆಗೆ ತಿಕ್ಕಿದೆ. ಪಟ್ಟೆಗಳು ಮಸುಕಾದವು. ಲಕ್ಷ್ಮಿದೇವಮ್ಮನೇ “ಪರ್ವಾಗಿಲ್ಲ ರೀ” ಎಂದಳು. ಮದುವೆಯಾದ ಮೇಲೆ ಆ ಮಾತು ಕೇಳಿದ್ದು ಇದು ಮೂರನೇ ಸಲ.

ಮಂಗಳವಾರ ಬೆಳಿಗ್ಗೆ ಎದ್ದು ನೋಡುತ್ತೇನೆ, ಪಟ್ಟೆಗಳ ಜಾಗದಲ್ಲಿ ಪಟ್ಟೆಗಳಿವೆ. ಪಟ್ಟೆ ಇಲ್ಲದ ಜಾಗದಲ್ಲಿ ಕೆಂಪು ಚುಕ್ಕೆಗಳು ಎದ್ದಿವೆ. ಇಡೀ ಡೆಕ್ಕಿಗೆ ಅಮ್ಮ ಬಂದ ಹಾಗೆ! ಇನ್ನೂ ಜೋರಾಗಿ ತಿಕ್ಕಬೇಕು ಎಂದುಕೊಂಡು ಇನ್ನೂ ಜೋರಾಗಿ ತಿಕ್ಕಿದೆ. ಬುಧವಾರ ಚುಕ್ಕೆಗಳು ದುಪ್ಪಟ್ಟಾದವು.

ಇಷ್ಟರಲ್ಲಿ ಬೀದಿಗೆ ಸುದ್ದಿ ಹಬ್ಬಿತ್ತು. ಕೆಂಚಪ್ಪನವರು ಸರ್ಕಾರದ ಗುಟ್ಟನ್ನು ಒಬ್ಬೊಬ್ಬರಿಗೇ, ಬೇರೆ ಬೇರೆಯಾಗಿ, ಯಾರಿಗೂ ಹೇಳಬೇಡಿ ಎಂದು ಹೇಳಿ ಮುಗಿಸಿದ್ದರು. ಜನ ಬಂದು ನಿಲ್ಲತೊಡಗಿದರು. ನೇರವಾಗಿ ಪ್ರವಾಹದ ಮಾತು ಎತ್ತಲು ಯಾರಿಗೂ ಧೈರ್ಯವಿಲ್ಲ. ಹಾಗಾಗಿ ಪ್ರತಿಯೊಬ್ಬರೂ ತುಕ್ಕಿಗೆ ಒಂದು ಔಷಧಿ ಹಿಡಿದು ಬರುತ್ತಿದ್ದರು. ಮೂಲೆಯಲ್ಲಿ ಹೂವು ಮಾರುವ ಮುನಿತಾಯಮ್ಮ ನಿಂಬೆಹಣ್ಣು, ಉಪ್ಪು ತಂದಳು.

“ಇದನ್ ಹಾಕಿ ತಿಕ್ಕಣ್ಣ, ಹಿತ್ತಾಳೆ ಕೊಡ ಹೆಂಗ್ ಹೊಳೀತದೆ ಹಂಗೆ ಹೊಳೀತದೆ.”

“ಇದು ಹಿತ್ತಾಳೆ ಅಲ್ಲಮ್ಮ.”

“ಏನಾದ್ರೂ ಆಗ್ಲಿ. ಅಣ್ಣಾ, ಟೈಮ್ ಬಂದಾಗ ನನ್ ಹೂವಿನ ಬುಟ್ಟಿಗೆ ಒಂಚೂರು ಜಾಗ ಕೊಡಣ್ಣ. ನಾನ್ ಬೇಕಾದ್ರೆ ಹಿಡ್ಕೊಂಡು ಈಜ್ತೀನಿ.”

“ಯಾವ ಟೈಮು? ಯಾಕೆ ಈಜ್ತೀಯ? ಮಗಳ ಬಯಕೆಗೆ ತಂದಿದ್ದು ಕಣಮ್ಮಾ ಇದು!”

“ಹೂಂ ಕಣಣ್ಣ, ಬಯಕೆಗೆ” ಎಂದು ಮುನಿತಾಯಮ್ಮನೂ ಕಣ್ಣು ಮಿಟುಕಿಸಿದಳು.

ಆಮೇಲೆ ಹುಣಸೆಹಣ್ಣು ಬಂತು. ಹುಳಿ ಮಜ್ಜಿಗೆ ಬಂತು. ಕಕ್ಕಸು ತೊಳೆಯುವ ಆಸಿಡ್ ಬಂತು. ಒಬ್ಬ ಹುಡುಗಿ ಕೋಲಾ ಬಾಟಲು ತಂದು, “ಅಂಕಲ್, ರೀಲ್ಸ್‌ನಲ್ಲಿ ನೋಡ್ದೆ, ಇದು ಹಾಕಿದ್ರೆ ಹೋಗತ್ತೆ” ಎಂದಳು. ಹಾಕಿದೆ. ಕಲೆ ಹೋಗಲಿಲ್ಲ, ಇರುವೆ ಬಂತು. ಬಂದವರೆಲ್ಲ ಔಷಧಿ ಕೊಟ್ಟು, ಮೆಲ್ಲಗೆ ದೋಣಿಯ ಉದ್ದ ಅಗಲ ಗೇಣು ಹಾಕಿ ಅಳೆದು ಹೋಗುತ್ತಿದ್ದರು.

ಬುಧವಾರ ಮಧ್ಯಾಹ್ನ ವಾರ್ಡ್ ಎಂಜಿನಿಯರ್ ರಾಜೇಂದ್ರ ಸ್ಕೂಟರಿನಲ್ಲಿ ಬಂದರು. ಕೆಂಚಪ್ಪನವರು ಫೋನ್ ಮಾಡಿದ್ದರಂತೆ. ಸದ್ಯ, ಒಬ್ಬ ವಿದ್ಯಾವಂತ ಬಂದ, ಈ ಹುಚ್ಚಿಗೊಂದು ಕೊನೆಯಾಯಿತು ಎಂದು ನಾನು ಕುರ್ಚಿ ಹಾಕಿ ಕೂರಿಸಿ ಮಜ್ಜಿಗೆ ಕೊಟ್ಟೆ. ಅವರು ಮಜ್ಜಿಗೆ ಕುಡಿಯಲಿಲ್ಲ. ದೋಣಿಯನ್ನೇ ನೋಡುತ್ತಾ ಹಣೆ ಒರೆಸಿಕೊಂಡರು.

“ಸಾರ್, ಹೆಡ್ ಆಫೀಸಿಂದ ಸರ್ಕ್ಯುಲರ್ ಏನಾದ್ರೂ ಬಂದಿದೆಯಾ?”

“ನನಗೇಕ್ರಿ ಬರತ್ತೆ ಸರ್ಕ್ಯುಲರ್? ನಾನು ರಿಟೈರ್ ಆಗಿ ಎರಡು ವರ್ಷ ಆಯ್ತು.”

“ಅಲ್ಲ ಸಾರ್, ನೀವು ಟಪಾಲಲ್ಲಿದ್ರಿ ಅಂದ್ರು. ಎಲ್ಲಾ ಕಾಗದಾನೂ ಮೊದ್ಲು ಓದೋದು ಟಪಾಲ್ನೋರು. ನನಗೆ ಯಾವ ಕಾಗದಾನೂ ಬಂದಿಲ್ಲ ಸಾರ್. ನಾಳೆ ಏನಾದ್ರೂ ಆದ್ರೆ ನನ್ನೇ ಕೇಳ್ತಾರೆ, ಸರ್ಕ್ಯುಲರ್ ಬಂದಿತ್ತಲ್ಲ ಏನ್ ಮಾಡಿದೆ ಅಂತ.”

“ಸರ್ಕ್ಯುಲರ್ ಬಂದೇ ಇಲ್ವಲ್ರಿ!”

“ಬಂದಿಲ್ಲ ಅಂತ ಬರೆದು ಕೊಡ್ತೀರಾ ಸಾರ್?”

“ಬಾರದೇ ಇರೋ ಕಾಗದ ಬಂದಿಲ್ಲ ಅಂತ ನಾನು ಹೇಗ್ರಿ ಬರೆದುಕೊಡ್ಲಿ?”

“ನೋಡಿದ್ರಾ ಸಾರ್” ಎಂದು ರಾಜೇಂದ್ರ ನೊಂದ ದನಿಯಲ್ಲಿ ಹೇಳಿ ಎದ್ದರು. ಹೋಗುವಾಗ ತಮ್ಮ ಕಡೆಯಿಂದಲೂ ಇರಲಿ ಎಂದು ಸ್ಕೂಟರಿನ ಡಿಕ್ಕಿಯಿಂದ ಒಂದು ಪೊಟ್ಟಣ ಬ್ಲೀಚಿಂಗ್ ಪೌಡರ್ ತೆಗೆದುಕೊಟ್ಟರು. ಅದನ್ನೂ ಕಲಸಿ ಹಚ್ಚಿದೆ. ಅಲ್ಲಿಯವರೆಗೆ ಕಿತ್ತಳೆ ಬಣ್ಣಕ್ಕಿದ್ದ ಕಲೆಗಳು ಅಡಿಕೆ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿ ಕೂತವು.

ಗುರುವಾರ ಬೆಳಿಗ್ಗೆ ಎರಡು ಟ್ರ್ಯಾಕ್ಟರ್ ಮರಳಿನ ಮೂಟೆಗಳು ಬಂದು ಏಳನೇ ಕ್ರಾಸಿನ ತಲೆಯಲ್ಲಿ ಬಿದ್ದವು. ರಾಜೇಂದ್ರ ಯಾವುದಕ್ಕೂ ಇರಲಿ ಎಂದು ಕಳಿಸಿದ್ದರು. ಅಷ್ಟೇ ಸಾಕಾಯಿತು. ಮೊದಲು ಪ್ರವಾಹದ ಬಗ್ಗೆ ಅನುಮಾನವಿದ್ದವರಿಗೂ ಈಗ ಅನುಮಾನ ಉಳಿಯಲಿಲ್ಲ. ನೆಲಮಹಡಿಯವರು ಫ್ರಿಜ್ಜನ್ನು ಮೇಜಿನ ಮೇಲೆ ಹತ್ತಿಸಿದರು. ಕೆಂಚಪ್ಪನವರ ಕೆಳಗಿನ ಬಾಡಿಗೆ ಮನೆಯವರು ಒಂದೇ ದಿನದಲ್ಲಿ ಗಂಟುಮೂಟೆ ಕಟ್ಟಿ ಖಾಲಿ ಮಾಡಿಕೊಂಡು ಅನ್ನಪೂರ್ಣೇಶ್ವರಿ ನಗರಕ್ಕೆ ಹೋದರು. ಅದಕ್ಕೂ ನಾನೇ ಹೊಣೆ ಎಂದು ಕೆಂಚಪ್ಪನವರು ಜಗಳಕ್ಕೆ ಬಂದರು.

“ಬಾಡಿಗೆಯೋರು ಹೋದ್ರು. ಹೋಗ್ಲಿ. ಈಗ ನನ್ಗೆ ದೋಣೀಲಿ ಸೀಟು ಕೊಡ್ಲೇಬೇಕು ನೀನು. ಮುಂದಿನ ಸೀಟು. ಹಿಂದೆ ಕೂತ್ರೆ ನನ್ಗೆ ತಲೆ ಸುತ್ತತ್ತೆ.”

“ಕೆಂಚಪ್ಪನವ್ರೇ, ಇದರಲ್ಲಿ ಯಾರೂ ಎಲ್ಲಿಗೂ ಹೋಗಲ್ಲ!”

“ನಾನು ನೂರಾ ಎಂಟು ಕೆಜಿ ಇದೀನಿ ಅಂತ ತಾನೇ ನೀನು ಹಿಂಗಂತಿರೋದು? ಬಾಯ್ಬಿಟ್ಟು ಹೇಳ್ಬಿಡು.”

ಕಡ್ಡಿಯನ್ನು ಗುಡ್ಡ ಮಾಡುವ ಜನರ ಬಗ್ಗೆ ಕೇಳಿದ್ದೆ. ನಮ್ಮ ಬೀದಿಯವರು ಕಡ್ಡಿಯನ್ನು ಗುಡ್ಡ ಮಾಡಿ, ಗುಡ್ಡಕ್ಕೆ ಮರಳಿನ ಮೂಟೆ ಕಟ್ಟಿ, ಅದರ ಫೋಟೋ ತೆಗೆದು ಊರಿಗೆಲ್ಲ ಕಳಿಸಿದರು. ಮುಂದೆ ಮರಳಿನ ಮೂಟೆ, ಹಿಂದೆ ದೋಣಿ, ದೋಣಿಯ ಮೇಲೆ ಪಂಚೆ ಎತ್ತಿ ಕಟ್ಟಿದ ನಾನು. ‘ವಿಜಯನಗರದ ಹತ್ತಿರ ಜಲಪ್ರಳಯದ ಮುನ್ಸೂಚನೆ, ನಿವೃತ್ತ ಅಧಿಕಾರಿಯಿಂದ ತಯಾರಿ’ ಎಂದು ಅಡಿಬರಹ. ಮೂವತ್ತೊಂದು ವರ್ಷದ ಸರ್ವೀಸಿನಲ್ಲಿ ನನ್ನನ್ನು ಯಾರೂ ಅಧಿಕಾರಿ ಎಂದು ಕರೆದಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಜಗದಾಂಬಾ ಅವರ ಫೋನು ಬಂತು.

“ಬೀಗರ, ಫೋಟೋ ನೋಡಿದ್ವಿ. ನಿಮ್ಮ ಓಣಿ ಮುಳುಗ್ತದಂತಲ್ರಿ?”

“ಇಲ್ಲಮ್ಮ, ಸುಳ್ಳು! ಅದು ಮಾನಸಳ ಬಯಕೆ ದೋಣಿ.”

“ಹಂಗಾದ್ರ ಮರಳಿನ ಚೀಲ ಯಾರ ಬಯಕೀಗೆ ತರಿಸೀರಿ?”

ನಾನು ಫೋನನ್ನು ಬಲಗಿವಿಯಿಂದ ಎಡಗಿವಿಗೆ ಬದಲಿಸಿದೆ.

“ಮತ್ತ, ಹೊಸಾ ದೋಣಿ ಅಂದಿದ್ರಿ. ಫೋಟೋದಾಗ ಮೈತುಂಬ ಕೆಂಪಗ ಕಾಣ್ತದ?”

“ಅದು... ಡಿಸೈನು.”

“ತುಕ್ಕು ಕಂಡಂಗ ಕಾಣ್ತದ್ರಿ.”

“ಫೋನ್ ಕ್ಯಾಮೆರಾ ಹಾಗೆ ತೋರಿಸತ್ತೆ ಅಷ್ಟೇ ಅಮ್ಮಾ. ಬಿಳೀ ದೋಣಿ ಅದು. ಹಾಲಿನಂಥ ಬಿಳಿ.”

“ನೋಡ್ರಿ ಬೀಗರ, ಭಾನುವಾರ ಬರ್ತೀವಿ. ಕಣ್ಣಾರೆ ನೋಡ್ತೀವಿ. ದೋಣಿ ಮಾತಿನಾಗ ಒಂದು ಸುಳ್ಳಿದ್ರ ಓಣಿ ಮಾತಿನಾಗೂ ಸುಳ್ಳಿರ್ತದ. ಮುಳುಗೋ ಓಣಿಗೆ ತುಂಬು ಬಸುರೀನ ಕಳಿಸೋದು ಹೆಂಗ್ರಿ? ಬಾಣಂತನ ಇಲ್ಲೇ ಆಗ್ಲಿ ಅಂತ ನಮ್ಮನಿಯವರೂ ಅನ್ನಾಕತ್ಯಾರ.”

ಫೋನಿಟ್ಟು ತಿರುಗಿ ನೋಡಿದರೆ ಲಕ್ಷ್ಮಿದೇವಮ್ಮ ಬಾಗಿಲಲ್ಲಿ ನಿಂತಿದ್ದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಒಳಗೆ ಹೋಗಿ ಟ್ರಂಕು ತೆರೆದು, ಮಡಿಸಿಟ್ಟ ಬಟ್ಟೆಗಳನ್ನು ಮತ್ತೊಮ್ಮೆ ಬಿಚ್ಚಿ ಮತ್ತೊಮ್ಮೆ ಮಡಿಸತೊಡಗಿದಳು. ನನಗೆ ಬಹಳ ಸಂಕಟವಾಯಿತು. ವೈರ್ ಬ್ರಷ್ ತೆಗೆದುಕೊಂಡು ಹೊರಗೆ ಹೋಗಿ ತಿಕ್ಕತೊಡಗಿದೆ.

ಶನಿವಾರವೂ ತಿಕ್ಕುತ್ತಲೇ ಇದ್ದೆ. ಖಾಲಿಯಾದ ಮನೆಯ ಮೊಸಾಯಿಕ್ ನೆಲಕ್ಕೆ ಪಾಲಿಶ್ ಮಾಡಿಸಲು ಕೆಂಚಪ್ಪನವರು ಮಹೇಶ್ ಎಂಬವನನ್ನು ಕರೆಸಿದ್ದರು. ಮುಳುಗಿ ಹೋಗುವ ಮನೆಗೆ ಪಾಲಿಶ್ ಯಾಕೆ ಎಂದು ನಾನು ಕೇಳಿದ್ದಕ್ಕೆ, ನೀರು ಇಳಿದ ಮೇಲೆ ಹೊಸ ಬಾಡಿಗೆಯವರು ಬರುವುದಿಲ್ಲವೇ ಎಂದು ಅವರು ನನ್ನನ್ನೇ ದಬಾಯಿಸಿದ್ದರು. ಮಹೇಶ ಬೀಡಿ ಸೇದಲು ಹೊರಗೆ ಬಂದವನು ಗೇಟಿಗೆ ಒರಗಿ ನನ್ನನ್ನೇ ನೋಡುತ್ತಿದ್ದ. ಕೊನೆಗೆ ತಡೆಯಲಾರದೆ ಬಾಯಿ ಬಿಟ್ಟ.

“ಸಾರ್, ಎಷ್ಟು ದಿನದಿಂದ ತಿಕ್ತಾ ಇದೀರಾ?”

“ಇವತ್ತಿಗೆ ಆರು.”

“ಇದೇ ಬ್ರಷ್‌ನಲ್ಲಾ?”

“ಇದೇ.”

“ನೀವು ತುಕ್ಕು ತೆಗೀತಾ ಇಲ್ಲ ಸಾರ್, ಬಿತ್ತನೆ ಮಾಡ್ತಾ ಇದೀರಾ. ಆ ಬ್ರಷ್ ಕಬ್ಬಿಣದ್ದು. ತಿಕ್ಕಿದಾಗೆಲ್ಲ ಅದರ ಪುಡಿ ಉದುರಿ ಮೇಲೆ ಕೂರತ್ತೆ. ಬೆಳಗಾಗೋದ್ರೊಳಗೆ ಅದೂ ತುಕ್ಕು ಹಿಡಿಯತ್ತೆ. ಅದರ ಮೇಲೆ ನಮ್ಮ ಬೋರ್ ನೀರು, ಅದರಲ್ಲಿ ಮೊದ್ಲೇ ಕಬ್ಬಿಣ. ಬ್ಲೀಚಿಂಗ್ ಬೇರೆ ಹಾಕಿದೀರಾ? ಯಾವ ಪುಣ್ಯಾತ್ಮ ಹೇಳಿದ್ದು?”

“ಎಂಜಿನಿಯರ್.”

ಮಹೇಶ ಒಳಗೆ ಹೋಗಿ ಒಂದು ಡಬ್ಬಿ ತಂದ. ಮೊಸಾಯಿಕ್ ನೆಲಕ್ಕೆ ಕೊನೆಯಲ್ಲಿ ಹಾಕುವ ಆಕ್ಸಾಲಿಕ್ ಪೌಡರ್. ಕೈಗೆ ಗ್ಲೌಸ್ ಹಾಕಿಸಿದ, ಮೂಗಿಗೆ ಬಟ್ಟೆ ಕಟ್ಟಿಸಿದ. ಪುಡಿಯನ್ನು ಕಾವೇರಿ ನೀರಿನಲ್ಲೇ ಕಲಸಿ, ದೋಸೆ ಹಿಟ್ಟಿನ ಹದ ಮಾಡಿ ಕಲೆಗಳ ಮೇಲೆ ಬಳಿದ. ನಾನು ಅಭ್ಯಾಸಬಲದಿಂದ ತಿಕ್ಕಲು ಹೋದೆ. ಕೈಗೆ ಒಂದು ಏಟು ಕೊಟ್ಟ. “ಸುಮ್ನೆ ಕೂತ್ಕೊಳಿ ಸಾರ್, ಅದರ ಪಾಡಿಗೆ ಅದು ಕೆಲಸ ಮಾಡತ್ತೆ” ಎಂದ. ಹತ್ತು ನಿಮಿಷ ಕೂತೆವು. ಒದ್ದೆ ಬಟ್ಟೆಯಿಂದ ಒರೆಸಿದ. ಕಲೆ ಬಟ್ಟೆಗೆ ಬಂತು. ಕೆಳಗೆ ಅಪ್ಪಟ ಬಿಳಿ. ನಾನು ಆರು ದಿನ ಮಂಡಿ ಸವೆಸಿದ ಜಾಗದಲ್ಲಿ ಅವನು ಬೀಡಿಯನ್ನೂ ಆರಿಸದೆ ಮೂರು ಸಲ ಬಳಿದು ಮೂರು ಸಲ ಒರೆಸಿದ, ಅಷ್ಟೇ. ಆಮೇಲೆ ನಾನು ಕಾವೇರಿ ನೀರಿನಲ್ಲಿ ನಾಲ್ಕು ಸಲ ತೊಳೆದೆ. ಸಂಜೆಯ ಬಿಸಿಲಿಗೆ ಡೆಕ್ಕು ನಿಜವಾಗಿಯೂ ಹಾಲಿನ ಹಾಗೆ ಬೆಳ್ಳಗಿತ್ತು. ನಾನು ಅಲ್ಲೇ ಕೂತು ಕಣ್ಣು ಒರೆಸಿಕೊಂಡೆ.

ಅದನ್ನು ಕೆಂಚಪ್ಪನವರು ಮಹಡಿಯಿಂದ ನೋಡಿದರು.

“ಅಯ್ಯೋ, ದೋಣಿ ರೆಡಿ ಮಾಡ್ಬಿಟ್ಟ! ಕಾಂತರಾಜು ಅಳ್ತಾ ಅವ್ನೆ!” ಎಂದು ಅವರು ಕೂಗಿದ್ದು ಎಂಟನೇ ಕ್ರಾಸಿಗೂ ಕೇಳಿಸಿತು. “ಅಂದ್ರೆ ನಾಳೇನೇ!”

ಭಾನುವಾರ ಹನ್ನೊಂದು ಗಂಟೆಗೆ ಲಕ್ಷ್ಮಿದೇವಮ್ಮ ಬಿಸಿಬೇಳೆಬಾತ್ ಇಳಿಸಿ ತುಪ್ಪ ಹಾಕುತ್ತಿದ್ದಳು. ನಾನು ಡೆಕ್ಕಿನ ಮೇಲೆ ಹೊಸ ಜಮಖಾನೆ ಹಾಸಿ, ಅಂಚಿನಲ್ಲಿ ಬಿಳಿ ಕಾಣುವಂತೆ ಬಿಟ್ಟಿದ್ದೆ. ಹೊರಗೆ ನೋಡಿದರೆ ಬೀದಿ ತುಂಬಾ ಜನ. ಸುಮ್ಮನೆ ಬಂದವರಲ್ಲ, ಸೂಟ್‌ಕೇಸ್ ಹಿಡಿದು ಬಂದವರು. ಮುನಿತಾಯಮ್ಮ ಹೂವಿನ ಬುಟ್ಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಲೆಯ ಮೇಲಿಟ್ಟುಕೊಂಡಿದ್ದಳು. ಕೆಂಚಪ್ಪನವರು ದೋಣಿಯ ಮೂತಿಯ ಮೇಲೆ ಟವೆಲ್ ಹಾಕಿ ಸೀಟು ಹಿಡಿದು, ಪಕ್ಕದಲ್ಲಿ ಪಹರೆ ನಿಂತಿದ್ದರು. ಆಕಾಶದಲ್ಲಿ ಅಂಗೈಯಷ್ಟು ಮೋಡವೂ ಇರಲಿಲ್ಲ.

ಆ ಹೊತ್ತಿಗೆ ಬೀಗರ ಕಾರು ಬಂತು. ಮರಳಿನ ಮೂಟೆಗಳ ಪಕ್ಕದಲ್ಲಿ ಒಂದು ಗಳಿಗೆ ನಿಂತು, ಮೆಲ್ಲಗೆ ಬಂದು ನಮ್ಮ ಗೇಟಿನ ಮುಂದೆ ನಿಂತಿತು. ಶಂಭುಲಿಂಗಪ್ಪನವರು ಗಾಜು ಇಳಿಸಿ ಜನವನ್ನೂ ಗಂಟುಮೂಟೆಯನ್ನೂ ನೋಡಿ ಗಾಜು ಏರಿಸಿದರು. ಅಳಿಯ ಗೌತಮ್ ಎಂಜಿನ್ ಆರಿಸಲಿಲ್ಲ. ಇಳಿದವರು ಜಗದಾಂಬಾ ಒಬ್ಬರೇ. ನೇರವಾಗಿ ದೋಣಿಯ ಬಳಿಗೆ ಬಂದು, ಜಮಖಾನೆ ಸರಿಸಿ, ಬೆರಳಿನಿಂದ ಡೆಕ್ಕನ್ನು ಉಜ್ಜಿ, ಬೆರಳನ್ನು ಬಿಸಿಲಿಗೆ ಹಿಡಿದು ನೋಡಿದರು.

“ಬೆಳ್ಳಗದ” ಎಂದರು.

“ಹೊಸದಮ್ಮ” ಎಂದೆ.

“ಹೊಸದೇ ಬಿಡ್ರಿ, ಒಪ್ಪಿದೆ. ಇಷ್ಟು ಚಲೋ ದೋಣಿ ತಂದೀರಿ ಅಂದ್ರ ಓಣಿ ಮುಳುಗೋದೂ ಖರೇ ಅಂತಾಯ್ತಲ್ರಿ.”

ತುಕ್ಕಿದ್ದರೆ ಒಂದು ತಪ್ಪು, ಇಲ್ಲದಿದ್ದರೆ ಇನ್ನೊಂದು ತಪ್ಪು!

“ಮುಳುಗಲ್ಲಮ್ಮ! ಇವರೆಲ್ಲ ಹುಚ್ಚರು!”

“ಏಯ್, ಯಾರೋ ಹುಚ್ಚರು?” ಎಂದು ಕೆಂಚಪ್ಪನವರು ಮುಂದೆ ಬಂದರು. “ತಾಯಿ, ಇವ್ನು ಮೂವತ್ತೊಂದು ವರ್ಷ ಕಾಲುವೆ ಆಫೀಸ್ನಲ್ಲಿದ್ದೋನು. ನಿನ್ನೆ ಈ ದೋಣಿ ಮೇಲೆ ಕೂತು ಗೊಳೋ ಅಂತ ಅತ್ತ. ನಿಮ್ ಸೊಸೆನ ಕರ್ಕೊಂಡು ಮೊದ್ಲು ಇಲ್ಲಿಂದ ಹೊರಡಿ.”

ಜಗದಾಂಬಾ ತಿರುಗಿ ಹೋಗಿ ಕಾರು ಹತ್ತಿದರು. ಹಿಂದಿನ ಸೀಟಿನಲ್ಲಿ ಮಾನಸ ಗಾಜಿಗೆ ಅಂಗೈ ಊರಿ ಕೂತಿದ್ದಳು. ದೋಣಿಯನ್ನು ಕಂಡು ಅವಳ ಮುಖ ಅರಳಿತ್ತು, ಈಗ ಬಾಡುತ್ತಿತ್ತು. ಬಾಗಿಲಲ್ಲಿ ಲಕ್ಷ್ಮಿದೇವಮ್ಮ ಬಿಸಿಬೇಳೆಬಾತಿನ ತಟ್ಟೆ ಹಿಡಿದು ಹಾಗೇ ನಿಂತಿದ್ದಳು. ಕಾರು ಹಿಂದಕ್ಕೆ ಚಲಿಸತೊಡಗಿತು.

ಆಗ ನನಗೆ ಏನು ಬಂತೋ ಗೊತ್ತಿಲ್ಲ. ಒಳಗೆ ಓಡಿದೆ. ಅಳಿಯ ದೀಪಾವಳಿಗೆ ಕೊಟ್ಟಿದ್ದ ಗೋಡೆ ಕೊರೆಯುವ ಮಷೀನು ಬೀರುವಿನಲ್ಲಿತ್ತು. ವೈರು ಎಳೆದು, ಸ್ವಿಚ್ ಹಾಕಿ, ದೋಣಿಯೊಳಗೆ ಹಾರಿದೆ. ಗುರ್ರೆಂದು ಒಂದು ತೂತು ಕೊರೆದೆ. ತಳದಿಂದ ಬೀದಿಯ ಡಾಂಬರು ಕಂಡಿತು.

“ಅಯ್ಯಯ್ಯೋ! ನಮ್ ಸೀಟು!” ಎಂದು ಕೆಂಚಪ್ಪನವರು ಕಿರುಚಿದರು.

ಎರಡನೆಯದು ಕೊರೆದೆ. ಮೂರನೆಯದು. ಹನ್ನೊಂದಕ್ಕೆ ನಿಲ್ಲಿಸಿದೆ. ಜನ ಬಾಯಿ ಬಿಟ್ಟುಕೊಂಡು ನಿಂತರು. ಮುನಿತಾಯಮ್ಮ ಬುಟ್ಟಿ ಇಳಿಸಿದಳು. ಗೌತಮ್ ಕಾರು ನಿಲ್ಲಿಸಿದ. ಮೈಯೆಲ್ಲ ಬಿಳಿ ಪುಡಿ ಮೆತ್ತಿಕೊಂಡು ನಾನು ಡೆಕ್ಕಿನ ಮೇಲೆ ಎದ್ದು ನಿಂತೆ.

“ನೋಡಿ ಬೀಗರೇ! ಎಲ್ಲರೂ ನೋಡ್ಕೊಳ್ಳಿ! ಇನ್ನು ಇದು ಬಕೆಟ್ ನೀರಲ್ಲೂ ತೇಲಲ್ಲ. ಬೀದಿ ಮುಳುಗತ್ತೆ ಅಂತ ಗೊತ್ತಿದ್ದು, ಏಳು ತಿಂಗಳ ಬಸುರಿ ಮಗಳನ್ನ ಮನೆಗೆ ಕರೆಸ್ಕೊಂಡು, ಇರೋ ಒಂದು ದೋಣಿಗೂ ತೂತು ಹೊಡೆಯೋ ಅಪ್ಪ ಈ ಪ್ರಪಂಚದಲ್ಲಿ ಇದಾನೇನ್ರಿ?”

ಈ ತರ್ಕವನ್ನು ಎಲ್ಲರೂ ತಲೆಯೊಳಗೆ ಇಳಿಸಿಕೊಳ್ಳುವುದು ಮುಖದ ಮೇಲೆ ಕಾಣುತ್ತಿತ್ತು.

“ಹೌದಲ್ವಾ” ಎಂದಳು ಮುನಿತಾಯಮ್ಮ.

“ಅಂದ್ರೆ ನಿಜವಾಗ್ಲೂ ಬಯಕೆಗೇ ತಂದಿದ್ದಾ?” ಎಂದರು ಕೆಂಚಪ್ಪನವರು, ಮೋಸ ಹೋದವರಂತೆ. ಟವೆಲ್ ತೆಗೆದುಕೊಂಡು ಒದರಿ ಹೆಗಲಿಗೆ ಹಾಕಿಕೊಂಡರು. ಸೂಟ್‌ಕೇಸುಗಳು ಒಂದೊಂದಾಗಿ ಮನೆಗೆ ತಿರುಗಿದವು. ನನ್ನನ್ನು ಬೈದುಕೊಳ್ಳುತ್ತಲೇ ಹೋದರು, ಪ್ರವಾಹ ತಪ್ಪಿಸಿದವನು ನಾನೇ ಎಂಬಂತೆ.

ಮಾನಸ ತಾನೇ ಬಾಗಿಲು ತೆಗೆದು ಇಳಿದಳು. “ಅಪ್ಪಾ, ನೀನು ನಿಜವಾಗ್ಲೂ ತಂದ್ಬಿಟ್ಯಾ?” ಎಂದಳು. ನಾನು ಕೈ ಹಿಡಿದು ಹತ್ತಿಸಿದೆ. ಬಿಳೀ ಡೆಕ್ಕಿನ ಮೇಲೆ ಕಾಲು ಚಾಚಿ, ಬೆನ್ನಿಗೆ ದಿಂಬು ಕೊಟ್ಟು ಕೂತಳು. ಅಮ್ಮನ ತಟ್ಟೆಯಿಂದ ಮೊದಲ ತುತ್ತು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದಳು. ಲಕ್ಷ್ಮಿದೇವಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಶಂಭುಲಿಂಗಪ್ಪನವರೂ ಇಳಿದು ಬಂದು, ಒಂದು ತೂತಿನೊಳಗೆ ಬೆರಳು ತೂರಿಸಿ ನೋಡಿ, ಸರಿಯಾಗಿದೆ ಎಂಬಂತೆ ತಲೆಯಾಡಿಸಿದರು.

ಊಟವಾದ ಮೇಲೆ ಜಗದಾಂಬಾ ಎಲೆಯಡಿಕೆ ಹಾಕಿಕೊಂಡು ಮನೆಯನ್ನೆಲ್ಲ ಒಂದು ಸುತ್ತು ನೋಡಿದರು. ಬಚ್ಚಲು ನೋಡಿದರು. ಟ್ರಂಕು ತೆಗೆಸಿ ನೋಡಿದರು. ಬಟ್ಟೆಗಳನ್ನು ಕೆನ್ನೆಗೆ ಒತ್ತಿ ನೋಡಿದರು. ಕೊನೆಗೆ ನಡುಮನೆಯಲ್ಲಿ ಕೂತು ತೀರ್ಪು ಕೊಟ್ಟರು.

“ಮಗಳ ಸಲುವಾಗಿ ಇದ್ದ ದೋಣಿಗೆ ತೂತು ಹೊಡದ ಮನುಷ್ಯಾನ ಮಾತು ನಂಬಬೇಕು. ಬಾಣಂತನ ಇಲ್ಲೇ ಆಗ್ಲಿ.”

ಲಕ್ಷ್ಮಿದೇವಮ್ಮ ನನ್ನ ಕಡೆ ನೋಡಿದ ನೋಟಕ್ಕೆ ಆರು ದಿನದ ಮಂಡಿನೋವು ಮಾಯವಾಯಿತು.

“ಆದ್ರ ಒಂದು ಮಾತು” ಎಂದು ಜಗದಾಂಬಾ ಮುಂದುವರಿಸಿದರು. “ಚೊಚ್ಚಲ ಮೊಮ್ಮಗ. ನನಗ ಬಿಟ್ಟಿರಾಕ ಆಗಂಗಿಲ್ಲ. ನಾನೂ ಇಲ್ಲೇ ಇರ್ತೀನಿ. ಹೆರಿಗೀಗೆ ಎರಡು ತಿಂಗಳು, ಬಾಣಂತನ ಮೂರು, ಒಟ್ಟು ಐದು ತಿಂಗಳು ಆತು. ಗೌತಮ್, ಹೋಗಿ ನನ್ನ ನಾಲ್ಕು ಚೀಲ ತಗಂಡು ಬಾರಪ್ಪ. ಒಳಕಲ್ಲೂ ತಾ, ಇಲ್ಲಿ ಮಿಕ್ಸಿಯಾಗ ರುಬ್ತಾರ. ನಮ್ಮ ರೊಟ್ಟಿ ಹಂಚೂ ತಾ. ಬೀಗರ, ನಿಮ್ಮ ಖೋಲಿ ಗಾಳಿ ಬೆಳಕಿಗೆ ಚಲೋ ಐತಿ. ನಾನು ಅಲ್ಲೇ ಮಲಗ್ತೀನಿ. ನೀವು ಬೆಳಿಗ್ಗೆ ಐದಕ್ಕೆ ಏಳ್ತೀರಲ್ರಿ?”

ಐದು ತಿಂಗಳು! ಶಂಭುಲಿಂಗಪ್ಪನವರ ಮುಖದಲ್ಲಿ ಈವರೆಗೆ ಕಾಣದಿದ್ದ ಶಾಂತಿ ಮೂಡಿತು. ಲಕ್ಷ್ಮಿದೇವಮ್ಮ ನನ್ನ ಕಡೆ ಮತ್ತೆ ನೋಡಿದಳು. ಈ ಸಲದ ನೋಟ ಬೇರೆ.

ನಾನು ಕೈ ತೊಳೆಯುವ ನೆವ ಮಾಡಿಕೊಂಡು ಹೊರಗೆ ಬಂದೆ. ದೋಣಿಯೊಳಗೆ ಬಗ್ಗಿ ನೋಡಿದೆ. ಹನ್ನೊಂದು ತೂತು. ಈ ಬೀದಿಯಲ್ಲಿ ಈಗ ತಪ್ಪಿಸಿಕೊಂಡು ಹೋಗಲು ದೋಣಿ ಬೇಕಾಗಿದ್ದವನು ನಾನೊಬ್ಬನೇ. ಎದುರು ಮನೆಯ ಜಗಲಿಯಲ್ಲಿ ಕೆಂಚಪ್ಪನವರು ಸೂಟ್‌ಕೇಸಿನಿಂದ ಪಂಚೆಗಳನ್ನು ತೆಗೆದು ಮಡಿಸಿಡುತ್ತಿದ್ದರು. ರಸ್ತೆ ದಾಟಿ ಹೋಗಿ, ಒಳಗಿನವರಿಗೆ ಕೇಳಿಸದಂತೆ ಮೆಲ್ಲಗೆ ಕೇಳಿದೆ.

“ಕೆಂಚಪ್ಪನವ್ರೇ, ಫೈಬರ್ ತೂತು ಮುಚ್ಚೋರು ಯಾರಾದ್ರೂ ಗೊತ್ತಾ? ಸ್ವಲ್ಪ ಅರ್ಜೆಂಟು.”

ಕೆಂಚಪ್ಪನವರು ನನ್ನ ಮುಖವನ್ನು ನೋಡಿದರು, ದೋಣಿಯನ್ನು ನೋಡಿದರು, ಮೋಡವಿಲ್ಲದ ಆಕಾಶವನ್ನು ನೋಡಿದರು. ಆಮೇಲೆ ಮಡಿಸಿಟ್ಟಿದ್ದ ಪಂಚೆಗಳನ್ನು ಒಂದೊಂದಾಗಿ ಸೂಟ್‌ಕೇಸಿಗೆ ವಾಪಸು ತುಂಬತೊಡಗಿದರು.